ನೂರು ಬಡಿತಕ್ಕೆ ಎಷ್ಟು ತೂಗು

ಔರಾದ
೨ ಜುಲೈ ೨೦೨೩, ರವಿವಾರ

ಭಾಲ್ಕಿ ಮಹಾಸಂಸ್ಥಾನದ ಪ್ರಕೃತಿಶಾಸ್ತ್ರ ವಿಶಾರದರೂ, ಊರಿಗೆ ರೈಲು ಬರುತ್ತದೆಂಬ ಒಂದೇ ಕಾರಣಕ್ಕೆ ಬೀಗುವವರೂ ಆದ ಶ್ರೀಮಾನ್ ಎಲೀಷ ಮಾಸ್ತರರ ಸನ್ನಿಧಿಗೆ, ಬಸ್ಸೇ ಗತಿಯಾಗಿರುವ ಔರಾದದಿಂದ ಏಕನಾಥ ಮಾಡುವ ಅನಂತ ವಂದನೆಗಳು.

ನಗಬೇಡ, ಕಾರಣ ಇದೆ. ಹೋದ ವಾರ ಪೆನ್ಶನ್ ಕೆಲಸಕ್ಕೆ ಬೀದರಕ್ಕೆ ಹೋದಾಗ ಹಳೆಯ ಪುಸ್ತಕದ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕ ಸಿಕ್ಕಿತು. ಹದಿನೆಂಟನೆಯ ಶತಮಾನದ ವಿಜ್ಞಾನಿಗಳು ಒಬ್ಬರಿಗೊಬ್ಬರು ಬರೆದ ಕಾಗದಗಳ ವಿಚಾರ ಅದರಲ್ಲಿದೆ. ಬಸ್ಸಿನಲ್ಲಿ ಓದುತ್ತಾ ಕುಳಿತವನಿಗೆ ನನ್ನ ಸ್ಟಾಪು ಬಂದದ್ದೇ ಗೊತ್ತಾಗಲಿಲ್ಲ ನೋಡು. ಅವರಲ್ಲಿ ಇಬ್ಬರು, ಒಬ್ಬ ಸಮುದ್ರದ ಕಡೆ, ಒಬ್ಬ ಗುಡ್ಡದ ಕಡೆ. ಮೂವತ್ತು ವರ್ಷ ಕಾಗದ ಬರೆದರೂ ಮುಖ ನೋಡಿಕೊಂಡವರಲ್ಲ. ಇವನು ಮಳೆ ಅಳೆದು ಬರೆದರೆ ಅವನು ಗಾಳಿ ತೂಗಿ ಬರೆಯುತ್ತಾನೆ. ‘ನಿಮ್ಮ ಅಂಕಿ ಶುದ್ಧ ತಪ್ಪು’ ಎಂದು ಬೈದು, ಕೆಳಗೆ ‘ನಿಮ್ಮ ವಿನೀತ ಸೇವಕ’ ಎಂದು ಸಹಿ ಹಾಕುತ್ತಾನೆ!

ನಾವೂ ಹಾಗೆ ಮಾಡೋಣವೇ? ಇಬ್ಬರೂ ರಿಟೈರಾಗಿ ಐದು ವರ್ಷ ಆಯಿತು. ಇಲ್ಲಿನ ಸಾಲಿಯ ಹೆಡ್‌ಮಾಸ್ತರು ಫೆಬ್ರವರಿ ಇಪ್ಪತ್ತೆಂಟಕ್ಕೆ, ವಿಜ್ಞಾನ ದಿನಕ್ಕೆ, ಮಕ್ಕಳಿಗೆ ಏನಾದರೂ ಹೇಳಿ ಎಂದು ಕೇಳಿದ್ದಾರೆ. ಗಡಿಯಾರ ಇಲ್ಲದ ಕಾಲದಲ್ಲಿ ವಿಜ್ಞಾನ ಹೇಗೆ ನಡೆಯಬಹುದು ಎಂದು ತೋರಿಸುವ ಆಸೆ ನನಗೆ. ಒಂದು ದಾರ, ಒಂದು ತೂಕದ ಕಲ್ಲು, ನಮ್ಮ ನಾಡಿ. ಲೋಲಕದ ಉದ್ದ ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು ಸೆಂಟಿಮೀಟರ್ ಇದ್ದರೆ ಈ ಕಡೆಯಿಂದ ಆ ಕಡೆಗೆ ಒಂದು ತೂಗು, ಒಂದು ಸೆಕೆಂಡು. ನಾಡಿ ನೂರು ಸಲ ಬಡಿಯುವಷ್ಟರಲ್ಲಿ ಲೋಲಕ ಎಷ್ಟು ಸಲ ತೂಗಿತು, ಇಷ್ಟೇ ಲೆಕ್ಕ. ಒಂದು ಹಾಳೆಯ ಮೇಲೆ ಎಡಕ್ಕೆ ಔರಾದ, ಬಲಕ್ಕೆ ಭಾಲ್ಕಿ.

ಲೋಲಕವೇ ಯಾಕೆ ಎಂದು ನೀನು ಕೇಳಲಾರೆ. ೧೯೮೧ರಲ್ಲಿ ಬೀದರದ ಕಾಲೇಜಿನಲ್ಲಿ ನಾವು ಲೋಲಕ ಅಳೆದ ಆ ಲ್ಯಾಬ್ ನಿನಗೂ ನೆನಪಿದೆ. ನನ್ನ ರೆಕಾರ್ಡಿನ ಮೇಲೆ ಕೆಂಪು ಗೀಟು ಎಳೆದು, ‘ನಿಮ್ಮವರಿಗೆ ಇಷ್ಟು ಸರಿ ಉತ್ತರ ಹ್ಯಾಂಗ ಬರ್ತದ? ಯಾರದು ನೋಡಿ ಬರದಿ?’ ಎಂದು ಸರ್ ಕೇಳಿದಾಗ ಇಡೀ ಕ್ಲಾಸು ಗಪ್ ಕುಳಿತಿತ್ತು. ನೀನೊಬ್ಬನೇ ಎದ್ದು, ‘ಸರ್, ಇವನ ಅಂಕಿ ಖರೇ ಅದರಿ. ನಾನು ಇವನ ಜೊತಿ ನಿಂತು ಮತ್ತೊಮ್ಮೆ ಅಳಿತೇನಿ’ ಅಂದೆ. ಅಳೆದೆ ಕೂಡ. ಆ ಋಣವನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ, ಕಾಗದದಲ್ಲಾದರೆ ಹೇಳಬಹುದು ನೋಡು.

ನಿಮ್ಮ ವಿನೀತ ಸೇವಕ,
ಏಕನಾಥ

*

ಭಾಲ್ಕಿ
೯ ಜುಲೈ ೨೦೨೩

ಔರಾದ ಸಾಮ್ರಾಜ್ಯದ ಆಸ್ಥಾನ ವಿಜ್ಞಾನಿ ಏಕನಾಥ ಮಹಾಶಯರಿಗೆ,

ಒಪ್ಪಿದೆ. ಮನೆಯಾಕೆ ಇವಾಂಜಲಿನ ತೀರಿಹೋದ ಮೇಲೆ ಈ ಮೂರು ವರ್ಷದಲ್ಲಿ ನನಗೆ ಬಂದ ಕಾಗದವೆಂದರೆ ಕರೆಂಟ್ ಬಿಲ್ ಒಂದೇ. ಅಂಚೆಯವನು ನಿನ್ನ ಪತ್ರ ಕೊಟ್ಟಾಗ, ಇದು ನನಗೇ ಹೌದೇ ಎಂದು ಎರಡು ಸಲ ಕೇಳಿದೆ.

ಆದರೆ ನಿಯಮ ಬೇಕು. ಒಂದು, ರವಿವಾರ ಮುಂಜಾನೆ ಏಳಕ್ಕೆ, ನಾನು ಚರ್ಚಿಗೆ ಹೋಗುವ ಮುಂಚೆ, ನೀನು ಬುದ್ಧವಿಹಾರಕ್ಕೆ ಹೋಗುವ ಮುಂಚೆ ಅಳೆಯುವುದು. ಅದಕ್ಕೆ ಮೊದಲು ಕಾಲು ತಾಸು ಸುಮ್ಮನೆ ಕೂಡಬೇಕು. ಎರಡು, ಅಂಕಿಗಳು ಅಂಚೆಯಲ್ಲೇ ಬರಬೇಕು. ಫೋನಿನಲ್ಲಿ ಹೇಳಿದರೆ ನನ್ನದು ಕೇಳಿ ನೀನು, ನಿನ್ನದು ಕೇಳಿ ನಾನು ಬದಲಿಸುವ ಆಸೆ ಹುಟ್ಟುತ್ತದೆ. ಮೂರು, ನಾಡಿಯೇ ನಮ್ಮ ಗಡಿಯಾರ. ದಾರದ ಮೇಲೆ ಅನುಮಾನ ಪಡೋಣ, ಎಣಿಸುವವರ ಮೇಲೆ ಪಡೋಣ, ಗಡಿಯಾರದ ಮೇಲೆ ಮಾತ್ರ ಬೇಡ. ಯಾವುದೋ ಒಂದನ್ನು ನಂಬದಿದ್ದರೆ ಅಳತೆಯೇ ಸಾಧ್ಯವಿಲ್ಲ.

ನನ್ನ ತೂಗು ಎಣಿಸುವವರು ಪಕ್ಕದ ಮನೆಯ ಅಬ್ದುಲ ಮಜೀದ. ರೈಲ್ವೆಯಲ್ಲಿ ಮೂವತ್ತೆರಡು ವರ್ಷ ಗೂಡ್ಸ್ ಡಬ್ಬಿ ಎಣಿಸಿದವರು, ಲೆಕ್ಕ ತಪ್ಪುವುದಿಲ್ಲ. ನಿನಗೆ ಯಾರು?

ನಿಮ್ಮ ಇನ್ನೂ ಹೆಚ್ಚು ವಿನೀತ ಸೇವಕ,
ಎಲೀಷ

*

ಔರಾದ
೬ ಆಗಸ್ಟ್ ೨೦೨೩

ಭಾಲ್ಕಿಯ ಮಹಾಪಂಡಿತರಿಗೆ,

ನನಗೆ ಎಣಿಸುವವಳು ಸುಭದ್ರಾ. ಒಂದು ಬಟ್ಟಲಲ್ಲಿ ನೂರು ತೊಗರಿ ಕಾಳು ಇಟ್ಟುಕೊಂಡು, ತೂಗಿಗೊಂದರಂತೆ ಇನ್ನೊಂದು ಬಟ್ಟಲಿಗೆ ಹಾಕುತ್ತಾಳೆ. ‘ಮಂದಿ ಮನಿಯಾಗ ಗಂಡಂದಿರು ಮೊಮ್ಮಕ್ಕಳನ್ನ ಆಡಿಸ್ತಾರ, ನೀವು ಕಲ್ಲು ತೂಗಸ್ತೀರಿ’ ಎಂದು ಬೈಯುತ್ತಾಳೆ. ಆದರೂ ರವಿವಾರ ನನಗಿಂತ ಮುಂಚೆ ಬಟ್ಟಲು ಹಿಡಿದು ಕುಳಿತಿರುತ್ತಾಳೆ.

ಅಂಕಿಗಳು: ೮೪, ೮೩, ೮೬, ೯೦. ಕೊನೆಯದು ಯಾಕೋ ಜಾಸ್ತಿ. ನೋಡೋಣ.

ನಿಮ್ಮ ವಿನೀತ,
ಏಕನಾಥ

*

ಭಾಲ್ಕಿ
೧೬ ಆಗಸ್ಟ್ ೨೦೨೩

ಮಹಾಶಯರೇ,

ನನ್ನವು: ೮೧, ೮೨, ೮೧, ೮೨. ನೋಡಿ ಕಲಿ.

ನಿನ್ನ ತೊಂಬತ್ತರ ಗುಟ್ಟು ನನಗೆ ಸಿಕ್ಕಿದೆ. ನೂಲಿನ ದಾರ ಹಾಕಿದ್ದೀಯ. ಮಳೆಗಾಲದಲ್ಲಿ ನೂಲು ತೇವ ಹಿಡಿದು ಗಿಡ್ಡವಾಗುತ್ತದೆ, ಗಿಡ್ಡ ಲೋಲಕ ಜಲ್ದಿ ತೂಗುತ್ತದೆ. ಮೂವತ್ತೈದು ವರ್ಷ ವಿಜ್ಞಾನ ಕಲಿಸಿದವನಿಗೆ ಇದನ್ನು ನಾನು ಹೇಳಬೇಕೇ? ದಾರಕ್ಕೆ ಮೇಣ ಸವರು.

ನಿಮ್ಮ ಅಂಕಿ ಶುದ್ಧ ತಪ್ಪು ಎಂದು ಬೈಯಲು ಸಿಕ್ಕ ಸಂತೋಷದಲ್ಲಿ,
ನಿಮ್ಮ ವಿನೀತ ಸೇವಕ,
ಎಲೀಷ

*

ಔರಾದ
೧೦ ಸೆಪ್ಟೆಂಬರ್ ೨೦೨೩

ಎಲೀಷ,

ಮೇಣ ಸವರಿದೆ. ಸ್ಟೀಲ್ ಪಟ್ಟಿಯಿಂದ ಮೂರು ಸಲ ಅಳೆದೆ. ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು, ಕೂದಲೆಳೆಯಷ್ಟೂ ಫರಕ್ ಇಲ್ಲ. ಆದರೂ ೯೬, ೧೦೧, ೧೦೪. ನಿನ್ನ ಲೆಕ್ಕದ ಪ್ರಕಾರ ನನ್ನ ದಾರ ಅರವತ್ತೈದು ಸೆಂಟಿಮೀಟರಿಗೆ ಇಳಿದಿರಬೇಕು. ಉಳಿದದ್ದನ್ನು ಇಲಿ ತಿಂದು ಹೋಯಿತೇ? ನೂರು ಕಾಳು ಸಾಲದೆ ಸುಭದ್ರಾ ಬಟ್ಟಲಿಗೆ ಇನ್ನೊಂದು ಹಿಡಿ ಹಾಕಿದ್ದಾಳೆ.

ಈ ಕಾಗದ ಎರಡು ದಿನ ತಡವಾಯಿತು. ಶುಕ್ರವಾರ ಪೋಸ್ಟಿಗೆಂದು ಹೊರಟವನು ದಾರಿಯಲ್ಲಿ ಎರಡು ಕಡೆ ಕಟ್ಟೆ ಹಿಡಿದು ಕುಳಿತೆ, ಹೋಗುವಷ್ಟರಲ್ಲಿ ಬಾಗಿಲು ಹಾಕಿದ್ದರು. ವಯಸ್ಸು, ಇನ್ನೇನು. ನೀನಾದರೆ ನಾಲ್ಕು ಕಡೆ ಕೂಡುತ್ತಿದ್ದೆ.

ಏಕನಾಥ

*

ಭಾಲ್ಕಿ
೨೧ ಸೆಪ್ಟೆಂಬರ್ ೨೦೨೩

ಏಕನಾಥ,

ಕಟ್ಟೆ ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆಯುವ ನಿನ್ನ ಚಟ ನನಗೆ ಗೊತ್ತಿಲ್ಲವೇ. ಇರಲಿ.

ದಾರ ಸರಿ ಇದ್ದರೆ ಎಣಿಕೆ ತಪ್ಪು. ಸುಭದ್ರಾಬಾಯಿಯವರು ಒಂದು ತೂಗಿಗೆ ಎರಡು ಕಾಳು ಹಾಕುತ್ತಿರಬೇಕು. ಬೇರೆಯವರನ್ನು ಕೂರಿಸಿ ನೋಡು. ನನ್ನದು ಈಗಲೂ ೮೧, ೮೨. ಮಕ್ಕಳ ಮುಂದೆ ಈ ಹಾಳೆ ಹಿಡಿದು ನಿಂತರೆ ನಗೆಪಾಟಲು.

ಎಲೀಷ

*

ಔರಾದ
೨ ಅಕ್ಟೋಬರ್ ೨೦೨೩

ಎಲೀಷ,

ಬೇರೆಯವರನ್ನೂ ಕೂರಿಸಿದೆ. ತಮ್ಮನ ಮಗಳು ಮನಿಷಾ, ಬಿ.ಎಸ್‌ಸಿ. ಓದಿದವಳು. ಅವಳು ಎಣಿಸಿದ್ದು ೧೧೨. ಸುಭದ್ರಾ ಎಣಿಸಿದ್ದೂ ೧೧೨. ನನಗೂ ತಲೆ ಕೆಟ್ಟಿದೆ. ಎಲ್ಲಿ ತಪ್ಪುತ್ತಿದೆ ಗೊತ್ತಾಗುತ್ತಿಲ್ಲ, ಆದರೆ ಅಂಕಿ ಮಾತ್ರ ಖರೆ. ನಂಬು.

ಏಕನಾಥ

*

ಭಾಲ್ಕಿ
೧೧ ಅಕ್ಟೋಬರ್ ೨೦೨೩

ಏಕನಾಥ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ದಾರ ಸರಿ ಅನ್ನುತ್ತೀಯ, ಎಣಿಕೆ ಸರಿ ಅನ್ನುತ್ತೀಯ. ಹಾಗಾದರೆ ಉಳಿಯುವುದು ಒಂದೇ. ನೀನು ಅಳೆಯುತ್ತಿಲ್ಲ. ಕೂತಲ್ಲೇ ಮನಸ್ಸಿಗೆ ಬಂದದ್ದು ಬರೆದು ಕಳಿಸುತ್ತಿದ್ದೀಯ. ಮೂರು ತಿಂಗಳಲ್ಲಿ ೮೪ರಿಂದ ೧೧೨ಕ್ಕೆ ಯಾವ ಲೋಲಕವೂ ಜಿಗಿಯುವುದಿಲ್ಲ. ಬೇಸರ ಬಂದಿದ್ದರೆ ಬೇಸರ ಬಂತು ಅನ್ನು, ಸುಳ್ಳು ಅಂಕಿ ಕಳಿಸಬೇಡ. ನನ್ನ ರವಿವಾರಗಳು ಬಿಟ್ಟಿ ಬಿದ್ದಿಲ್ಲ.

ಎಲೀಷ

*

ಔರಾದ
೧೨ ನವೆಂಬರ್ ೨೦೨೩

ಶ್ರೀಯುತ ಎಲೀಷ ಅವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸಬೇಕು. ತಾವು ಹೇಳಿದಂತೆ ಎಲ್ಲವನ್ನೂ ಹೊಸದಾಗಿ ಜೋಡಿಸಿದೆ. ತಪ್ಪು ನನ್ನದೇ ಇತ್ತು. ಈಗಿನ ಅಂಕಿಗಳು: ೮೪, ೮೩, ೮೪, ೮೪.

ಹಾಳೆಯಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಔರಾದದ ಕಾಲಂ ಹೊಡೆದು ಹಾಕಬಹುದು.

ಏಕನಾಥ

*

ಭಾಲ್ಕಿ
೨೦ ನವೆಂಬರ್ ೨೦೨೩

ಔರಾದ ಸಾಮ್ರಾಜ್ಯದ ಮಹಾಮಹೋಪಾಧ್ಯಾಯರಿಗೆ!

ಭೇಷ್! ನಾನು ಹೇಳಲಿಲ್ಲವೇ? ಕಾಗದ ಓದಿ ಮಜೀದಭಾಯಿಗೆ ಚಹಾ ಕುಡಿಸಿದೆ. ಆ ಅಂಕಿಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೇನೆ. ಈಗ ಎರಡೂ ಊರು ಅಣ್ಣತಮ್ಮಂದಿರ ಹಾಗೆ ಕಾಣುತ್ತಿವೆ.

ಹೋದ ಸಲ ಸ್ವಲ್ಪ ಖಾರವಾಗಿ ಬರೆದೆ. ಆ ಹಳೆಯ ಪಂಡಿತರು ಇದಕ್ಕಿಂತ ಹೆಚ್ಚು ಬೈದುಕೊಳ್ಳುತ್ತಿದ್ದರು ಎಂದು ನೀನೇ ಹೇಳಿದ್ದೀಯ. ಆದರೆ ‘ತಾವು’ ಅಂದೆಯಲ್ಲ, ಅದೇನು ಹೊಸ ಆಟ?

ವಿನೀತ, ಅತಿ ವಿನೀತ,
ಎಲೀಷ

*

ಔರಾದ
೧೦ ಡಿಸೆಂಬರ್ ೨೦೨೩

ಎಲೀಷ,

೮೩, ೮೪, ೮೩, ೮೪. ಚಳಿ ಜೋರಾಗಿದೆ. ವಿಹಾರಕ್ಕೆ ಹೋಗುವುದು ಸ್ವಲ್ಪ ಕಡಿಮೆ ಮಾಡಿದ್ದೇನೆ. ಹೊಸ ಆಟವೇನೂ ಇಲ್ಲ.

ಏಕನಾಥ

*

ಭಾಲ್ಕಿ
೨೭ ಡಿಸೆಂಬರ್ ೨೦೨೩

ಮಹಾಶಯರೇ,

ಕ್ರಿಸ್ಮಸ್ಸಿಗೆ ಮಗಳು ನಿಷಾ ಬಂದಿದ್ದಳು. ಬೀದರದ ಆಸ್ಪತ್ರೆಯ ನರ್ಸಮ್ಮನಿಗೆ ಮನೆಗೆ ಬಂದರೂ ರೋಗಿಗಳೇ ಕಾಣುತ್ತಾರೆ. ಗೋಡೆಯ ಮೇಲಿನ ನಮ್ಮ ಹಾಳೆ ನೋಡಿದವಳೇ ಕೆಂಪು ಗೀಟಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ‘ಪಪ್ಪಾ, ಲೋಲಕ ಸೆಕೆಂಡಿಗೊಂದು ತೂಗ್ತದಲ್ಲ? ಹಂಗಾದ್ರ ಏಕನಾಥ ಅಂಕಲ್‌ಗ ನೂರು ಬಡಿತಕ್ಕ ನೂರಾ ಹನ್ನೆರಡು ಸೆಕೆಂಡು ಹಿಡದಾವು. ನಿಮಿಷಕ್ಕ ಐವತ್ತಮೂರು. ಜುಲೈದಾಗ ಎಪ್ಪತ್ತೊಂದಿತ್ತು. ನಾಡಿ ಹಿಂಗ ಇಳೀಲಿಕತ್ತಿದ್ರ ಇದು ದಾರದ್ದಲ್ಲ ಪಪ್ಪಾ, ಹಾರ್ಟಿಂದು. ಇಸಿಜಿ ತೆಗಿಸ್ಯಾರೇನು?’ ಎಂದು ಗಾಬರಿಯಾದಳು.

ನಾನು ನಕ್ಕುಬಿಟ್ಟೆ. ನಿನ್ನ ಕೊನೆಯ ಎರಡು ಕಾಗದ ತೋರಿಸಿದೆ. ‘ನೋಡವ್ವಾ, ಜೋಡಣಿ ತಪ್ಪಿತ್ತು. ಈಗ ಎಂಬತ್ತನಾಲ್ಕು’ ಅಂದೆ. ‘ಹಂಗಾದ್ರ ಬರೋಬರಿ ಅದ. ಹಂಗs ಇಳಿದಿದ್ರ ಒಂದು ದಿನಾನೂ ಬಿಡಬಾರದಿತ್ತು’ ಎಂದು ಸಮಾಧಾನವಾಗಿ ಕೇಕ್ ತಿನ್ನಲು ಕುಳಿತಳು. ನಿನ್ನ ಸೋಮಾರಿತನ ನನ್ನ ಮಗಳನ್ನು ಹೆದರಿಸಿತು, ಇದಕ್ಕೆ ದಂಡ ಹಾಕುತ್ತೇನೆ. ಫೆಬ್ರವರಿಗೆ ಬರುವಾಗ ಸುಭದ್ರಾಬಾಯಿಯವರ ಕೈಯ ಶೇಂಗಾ ಹೋಳಿಗೆ ಸಿಗಬೇಕು.

ನಿಮ್ಮ ವಿನೀತ ಸೇವಕ,
ಎಲೀಷ

*

ಔರಾದ
೧ ಜನವರಿ ೨೦೨೪, ಸೋಮವಾರ

ಎಲೀಷ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಎರಡು ದಿನ ಅದನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗಾಡಿದೆ.

ನಿನ್ನ ಅಕ್ಟೋಬರ್ ಕಾಗದದ ನಂತರ ನಾನು ಕಳಿಸಿದ ಅಂಕಿಗಳು ಸುಳ್ಳು. ಎಲ್ಲವೂ. ಖರೆ ಅಂಕಿಗಳು ನನ್ನ ವಹಿಯಲ್ಲಿವೆ: ೧೧೭, ೧೨೧, ೧೨೬, ೧೩೩, ೧೩೮, ೧೪೧. ನಿನ್ನೆಯ ರವಿವಾರದ್ದು ೧೫೨.

ನಾಡಿಯನ್ನು ಅನುಮಾನಿಸಬೇಕೆಂದು ನನಗೂ ಹೊಳೆಯಲಿಲ್ಲ ಮಾರಾಯ. ಮೂರನೆಯ ನಿಯಮಕ್ಕೆ ಇಬ್ಬರೂ ಸಹಿ ಹಾಕಿದವರಲ್ಲವೇ. ಕಣ್ಣು ಕತ್ತಲೆ ಬರುತ್ತಿತ್ತು, ಮೆಟ್ಟಿಲು ಹತ್ತಿದರೆ ಕೂಡುವ ಹಾಗಾಗುತ್ತಿತ್ತು. ವಯಸ್ಸು ಎಂದುಕೊಂಡೆ. ಕಾಯಿಲೆಯ ನೆಪ ಹೇಳುತ್ತಾನೆ ಎಂದು ನೀನು ತಿಳಿಯಬಾರದೆಂದು ಬರೆಯಲೂ ಇಲ್ಲ.

ಸುಳ್ಳು ಯಾಕೆ ಬರೆದೆ ಎಂದು ಕೇಳುತ್ತೀಯ. ನಿನ್ನ ಅಕ್ಟೋಬರ್ ಕಾಗದ ಓದಿದ ದಿನ ನನಗೆ ಆ ಲ್ಯಾಬಿನ ಕೆಂಪು ಗೀಟು ಕಂಡಿತು. ಅವತ್ತು ಸರ್ ನಂಬಲಿಲ್ಲ, ನೀನು ನಂಬಿದೆ, ಅಷ್ಟು ಸಾಕಾಗಿತ್ತು. ನಲವತ್ತೆರಡು ವರ್ಷ ಅದನ್ನೇ ನೆನೆದು ಬದುಕಿದವನು ನಾನು. ನೀನೂ ನಂಬದಿದ್ದ ಮೇಲೆ ಖರೆ ಅಂಕಿ ಹಿಡಿದುಕೊಂಡು ನಾನು ಯಾರ ಬಾಗಿಲಿಗೆ ಹೋಗಲಿ? ನಿನಗೆ ೮೪ ಬೇಕಾಗಿತ್ತು, ೮೪ ಕೊಟ್ಟೆ. ಕಾಗದ ನಿಲ್ಲುವುದು ಮಾತ್ರ ನನಗೆ ಬೇಕಿರಲಿಲ್ಲ. ನನಗೆ ಬಹಳ ನೋವಾಯಿತು ಎಲೀಷ. ಇಷ್ಟೇ.

ನಿಷಾಳಿಗೆ ಹೇಳು, ಅವಳು ಸರಿಯಾಗಿ ಓದಿದಳು. ಬೀದರಕ್ಕೆ ಬಂದು ತೋರಿಸಿಕೊಳ್ಳುತ್ತೇನೆ. ಸುಭದ್ರಾ ಇವತ್ತೇ ಹೊರಡು ಎನ್ನುತ್ತಾಳೆ. ಆದರೆ ನಾನು ಬರುವ ಮುಂಚೆ ಈ ಕಾಗದ ನಿನಗೆ ಮುಟ್ಟಬೇಕು. ಎದುರಿಗೆ ನಿಂತು ‘ನಾನು ಸುಳ್ಳು ಬರೆದೆ’ ಎನ್ನುವ ಧೈರ್ಯ ನನಗಿಲ್ಲ, ಫೋನಿನಲ್ಲಂತೂ ಬಾಯೇ ಬರುವುದಿಲ್ಲ. ನಮ್ಮ ಅಂಚೆಗೆ ನಾಲ್ಕೈದು ದಿನ ಹಿಡಿಯುತ್ತದೆ. ಆದ್ದರಿಂದ ಶನಿವಾರ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ. ನೀನೂ ಬೀದರಕ್ಕೆ ಬಾ. ಬಸ್ ಸ್ಟ್ಯಾಂಡಿನಲ್ಲಿ ಸಿಗು. ಬೈಯುವುದಿದ್ದರೆ ಅಲ್ಲಿ ಬೈಯಬೇಡ, ಚಹಾ ಕುಡಿಸಿ ಬೈ.

ನಿನ್ನ ವಿನೀತ ಸೇವಕ,
ಏಕನಾಥ

*

ಔರಾದ
೨೨ ಜನವರಿ ೨೦೨೪

ಎಲೀಷ ಅಣ್ಣಾವ್ರಿಗೆ ಸುಭದ್ರಾಬಾಯಿ ಮಾಡುವ ಜೈಭೀಮ್. ನಾನು ಹೇಳಿದ್ದು ಹೇಳಿದಂಗ ಮನಿಷಾ ಬರೀಲಿಕತ್ತಾಳ.

ಅವರನ್ನ ಮಣ್ಣು ಮಾಡಿದ ದಿವಸ ನೀವು ಬಂದಾಗ ನಾನು ನಿಮಗ ‘ಅವರ ಕಾಗದ ಮುಟ್ಟಿತೇನ್ರಿ’ ಅಂತ ಕೇಳಿದ್ದೆ. ನೀವು ಯಾವ ಕಾಗದ ಅಂತ ನನ್ನ ಮಾರಿ ನೋಡಿದ್ರಿ. ಮಂದಿ ಭಾಳ ಇದ್ರು, ನಾ ಒಳಗ ಹೋದೆ.

ಶನಿವಾರ ಮುಂಜಾನಿ ಇಸ್ತ್ರಿ ಅಂಗಿ ಹಾಕ್ಕೊಂಡು ಹೊಂಟ್ರು. ನಾನೂ ಜೋಡಿ ಇದ್ದೆ. ಸ್ಟ್ಯಾಂಡಿನ್ಯಾಗ ಬಸ್ಸು ಹಚ್ಚಿತ್ತು. ಒಂದು ಪಾವಟಗಿ ಹತ್ತಿದ್ರು, ಎರಡನೇದಕ್ಕ ನನ್ನ ಹೆಗಲ ಮ್ಯಾಲ ಕೈ ಇಟ್ರು, ಹಂಗs ಕುಂತು ಬಿಟ್ರು. ‘ಎಲೀಷಗ ಇವತ್ತಿಗೆ ಮುಟ್ಟಿರ್ತದ’ ಅಂದ್ರು. ಅದs ಕಡೀ ಮಾತು ರಿ.

ನನಗ ಗೊತ್ತಿತ್ತು ಅಣ್ಣಾ. ಕಾಳು ಹಾಕಾಕಿ ನಾನs. ಬಟ್ಟಲಾ ಬರಿದಾಗಿ ಮತ್ತ ಐವತ್ತು ಕಾಳು ಹಾಕೊಂಡ್ರೂ ಸಾಲ್ತಿರಲಿಲ್ಲ. ಇವರು ಮಾತ್ರ ಕಾಗದದಾಗ ಎಂಬತ್ತನಾಲ್ಕು ಬರಿಯೋರು. ‘ಯಾಕ್ರಿ ಹಿಂಗ’ ಅಂದ್ರ, ‘ಇರಲಿ ಬಿಡು, ಅವನ ಮನಸ್ಸಿಗಿ ಸಮಾಧಾನ ಆಗ್ತದ’ ಅಂತಿದ್ರು. ಕಾಳು ಹೆಚ್ಚಾದ್ರ ಜೀವಕ್ಕ ಕೇಡು ಅಂತ ನನಗ ಯಾರು ಹೇಳಬೇಕಿತ್ತು? ನಾ ಓದಿದಾಕಿ ಅಲ್ಲ.

ಸುಳ್ಳು ಬರದ್ರು ಅಂತ ಅವರ ಮ್ಯಾಲ ಸಿಟ್ಟು ಇಟ್ಕೋಬ್ಯಾಡ್ರಿ. ಅವರ ದಾರ, ಕಲ್ಲು, ವಹಿ ಕಳಿಸೇನಿ. ನಮ್ಮ ಮನಿಯಾಗ ಅದನ್ನ ನೋಡೂದು ನನಗ ಆಗವಲ್ದು.

ನಿಮ್ಮ ತಂಗಿ,
ಸುಭದ್ರಾಬಾಯಿ

*

ಭಾಲ್ಕಿ
೨೮ ಫೆಬ್ರವರಿ ೨೦೨೪, ಬುಧವಾರ

ಗೆಳೆಯಾ,

ಈ ಕಾಗದವನ್ನು ಯಾವ ಅಂಚೆಗೆ ಹಾಕಲಿ? ಆದರೂ ನಿನಗೆ ಉತ್ತರ ಬಾಕಿ ಇದೆ.

ನಿನ್ನ ಲೆಕ್ಕ ತಪ್ಪಲಿಲ್ಲ. ಕಾಗದ ಶನಿವಾರವೇ ಬಂತು. ನಾನು ಮನೆಯಲ್ಲಿರಲಿಲ್ಲ. ಮನಿಷಾಳ ಫೋನ್ ಬಂದ ಮೇಲೆ ಕಮಲನಗರದ ಮೇಲಿಂದ ಔರಾದಕ್ಕೆ ಹೋಗುವ ಬಸ್ಸು ಹಿಡಿದು ನಿನ್ನ ಮಣ್ಣಿಗೆ ಹೊರಟಿದ್ದೆ. ಮರುದಿನ ಬಂದು ಬಾಗಿಲು ತೆಗೆದರೆ ನೆಲದ ಮೇಲೆ ನಿನ್ನ ಅಕ್ಷರ. ನೀನು ಜೀವಂತ ಇದ್ದೀಯೆಂದು ಒಂದು ಕ್ಷಣ ಅನ್ನಿಸಿದ್ದು ಖರೆ. ಓದಿ ಅಲ್ಲೇ ಹೊಸ್ತಿಲ ಮೇಲೆ ಕುಳಿತೆ. ಮಜೀದಭಾಯಿ ಬಂದು ಎಬ್ಬಿಸಬೇಕಾಯಿತು.

ನಿಷಾಳಿಗೆ ಕಾಗದ ತೋರಿಸಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ‘ಎದಿಯೊಳಗ ಒಂದು ಸಣ್ಣ ಮಷೀನ್ ಕೂಡಸ್ತಾರ ಪಪ್ಪಾ. ಅಂಕಲ್ ಇನ್ನೂ ಇರತಿದ್ರೇನೋ’ ಅಂದಳು. ಜುಲೈನಿಂದ ನಿನ್ನ ಹೃದಯ ಪ್ರತಿ ವಾರ ನನಗೆ ಕಾಗದ ಬರೆಯುತ್ತಿತ್ತು. ನಾನು ಅದಕ್ಕೆ ಮೇಣ ಸವರು ಎಂದೆ. ಇವಾಂಜಲಿನಳಂಥ ನರ್ಸಿನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದವನು, ನರ್ಸಿನ ತಂದೆ, ವಿಜ್ಞಾನದ ಮಾಸ್ತರ. ನೂರಾ ಹನ್ನೆರಡನ್ನು ನೋಡಿ ನನಗೆ ಹೊಳೆದದ್ದು ಗೆಳೆಯ ಸುಳ್ಳುಗಾರ ಎಂಬುದೊಂದೇ. ಕಟ್ಟೆ ಹಿಡಿದು ಕುಳಿತೆ ಎಂದು ನೀನು ಬರೆದಾಗ ಹರಟೆ ಹೊಡೆಯುವ ಚಟ ಎಂದೆ. ನೀನು ಸುಳ್ಳು ಬರೆದಾಗ ಮಾತ್ರ ನಂಬಿದೆ.

ಇವತ್ತು ನಿನ್ನ ಸಾಲಿಗೆ ಹೋಗಿದ್ದೆ. ಹೊಸ ಹಾಳೆ ಬರೆದುಕೊಂಡು ಹೋಗಿದ್ದೆ, ಒಂದೂ ಕೆಂಪು ಗೀಟು ಇಲ್ಲದ್ದು. ಔರಾದದ ಕಾಲಮ್ಮಿನಲ್ಲಿ ೮೪ರಿಂದ ೧೫೨ರವರೆಗೆ ನೀನು ಕಾಗದಗಳಲ್ಲಿ ಬರೆದ ಖರೆ ಅಂಕಿಗಳು. ಮಕ್ಕಳಿಗೆ ನಡೆದದ್ದೆಲ್ಲ ಹೇಳಿದೆ. ಗಡಿಯಾರವನ್ನೇ ಅನುಮಾನಿಸಬಾರದು ಎಂದು ಬರೆದವನು ನಾನೇ ಎಂದೂ ಹೇಳಿದೆ. ಮುಗಿಸಿದ ಮೇಲೆ ಹೆಡ್‌ಮಾಸ್ತರು ನೀರು ಕೊಟ್ಟು ಕೂರಿಸಿದರು. ಸುಭದ್ರಾಬಾಯಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಶೇಂಗಾ ಹೋಳಿಗೆ ತಂದಿದ್ದರು. ನೀನು ನನ್ನ ದಂಡದ ಮಾತನ್ನು ಅವರಿಗೆ ಓದಿ ಹೇಳಿದ್ದೆಯಂತೆ. ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಬಸ್ಸಿನಲ್ಲಿ ಬಂದೆ, ಬಾಯಿಗೆ ಇಡಲು ಆಗಲಿಲ್ಲ.

ಒಂದು ಕೆಲಸ ಬಾಕಿ ಉಳಿದಿತ್ತು. ಒಂದು ತಿಂಗಳಿಂದ ನಿನ್ನ ಪಾರ್ಸೆಲ್ಲಿನ ಗಂಟು ಬಿಚ್ಚಲು ನನಗೆ ಧೈರ್ಯವಿರಲಿಲ್ಲ. ಇವತ್ತು ಮನೆಗೆ ಬಂದು ಕಾಲು ತೊಳೆದು ಬಿಚ್ಚಿದೆ. ಮೊಳೆಗೆ ನಿನ್ನ ದಾರ ಕಟ್ಟಿ ನಿನ್ನ ಕಲ್ಲು ಇಳಿಬಿಟ್ಟೆ. ಮೇಣದ ವಾಸನೆ ಇನ್ನೂ ಇದೆ. ಮಜೀದಭಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವತ್ತು ಲ್ಯಾಬಿನಲ್ಲಿ ಮಾಡಿದ ಹಾಗೆ, ನಿನ್ನ ಪರವಾಗಿ ಮತ್ತೊಮ್ಮೆ ಅಳೆದೆ. ಮೂರು ಸಲ ಅಳೆದೆ.

ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು. ನಿನ್ನ ದಾರ ಸರಿಯಾಗಿಯೇ ಇತ್ತು, ಏಕನಾಥ.

ಎಲೀಷ